ಬಸ್ಸು, ರೈಲಲ್ಲಿ ಸುಮ್ನೆ ಸುತ್ತೋರಿಗೆ ಬೆಂಗಳೂರು: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಲ್ಲಿ, ಮದ್ವೆ ಮನೇಲಿ, ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಎಲ್ಲಿ ಸಿಕ್ಕಿದ್ರೂ ಜನ ಇದನ್ನೇ ಕೇಳ್ತಾರೆ, ಒಬ್ಬೊಬ್ರಿಗೂ ಬಿಡಿಸಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರ್ದಿಟ್ಟಿದೀನಿ.

ಕೆಲ್ಸ ಇಲ್ದೆ ಬಸ್ಸಲ್ಲಿ ಯಾಕ್ರೀ ಕೂರ್ಬೇಕು?

ಇದನ್ನ ನಮ್ಮಮ್ಮನೂ ಕೇಳ್ತಾರೆ. ಉತ್ತರ ಏನಿಲ್ಲ, ಕೆಲವ್ರು ಲಾಲ್‌ಬಾಗಲ್ಲಿ ಸುತ್ತು ಹಾಕ್ತಾರೆ, ನಾನು ಮೆಜೆಸ್ಟಿಕ್ಕಿಂದ ಲಾಸ್ಟ್ ಸ್ಟಾಪ್‌ವರ್ಗೂ ಹೋಗಿ ಒಂದು ಟೀ ಕುಡ್ದು ಬರ್ತೀನಿ. ಆದ್ರೆ ಒಂದು ಷರತ್ತು ಇದೆ, ಕೆಲಸಕ್ಕೆ ಹೋಗೋ ರೂಟನ್ನೇ ಸುತ್ತಾಟಕ್ಕೆ ಆರಿಸ್ಕೊಂಡ್ರೆ ಮಜಾ ಸಿಗಲ್ಲ, ಯಾಕಂದ್ರೆ ನಿಮ್ಮ ತಲೆ ಆ ರೋಡಲ್ಲಿ ಗಡಿಯಾರ ನೋಡಿ ನೋಡಿ ಅಭ್ಯಾಸ ಆಗ್ಬಿಟ್ಟಿರತ್ತೆ.

ಮೊದಲ್ನೇ ಸಲ ಹೋಗೋರಿಗೆ ಒಂದೇ ಒಂದು ರೂಟ್ ಹೇಳಿ ಅಂದ್ರೆ?

ವೈಟ್‌ಫೀಲ್ಡ್ ರೌಂಡ್. ಹೋಗೋದು ರೈಲಲ್ಲಿ, ಬರೋದು ಮೆಟ್ರೋಲಿ. ಸಿಟಿ ಸ್ಟೇಷನ್ನಿಂದ, ಅಂದ್ರೆ ಈಗಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ, ಬಂಗಾರಪೇಟೆ ಕಡೆ ಹೋಗೋ ಯಾವ್ದಾದ್ರೂ ಮೆಮು, ಅಂದ್ರೆ ಸಣ್ಣ ಸಣ್ಣ ಸ್ಟೇಷನ್ನಲ್ಲೂ ನಿಲ್ಲೋ ಕರೆಂಟ್ ರೈಲು, ಹತ್ತಿ. ಕಂಟೋನ್ಮೆಂಟ್ ಬರತ್ತೆ, ಬೆಂಗಳೂರಿಗೆ ಮೊಟ್ಟ ಮೊದಲ್ನೇ ರೈಲು ಬಂದಿದ್ದು ಅಲ್ಲಿಗೇ, 1864ರಲ್ಲಿ ಜೋಲಾರಪೇಟೆಯಿಂದ, ಆಗ ಸಿಟಿ ಸ್ಟೇಷನ್ ಇರ್ಲೇ ಇಲ್ಲ. ಆಮೇಲೆ ಬೆಂಗಳೂರು ಈಸ್ಟ್, ಬೈಯಪ್ಪನಹಳ್ಳಿ, ಕೆ.ಆರ್.ಪುರ. ಕೆ.ಆರ್.ಪುರ ಹತ್ರ ಬಂದಾಗ ಮೊಬೈಲ್ ಜೇಬಲ್ಲಿಟ್ಟು ಬಾಗ್ಲ ಹತ್ರ ಅಲ್ಲ, ಕಿಟಕಿ ಹತ್ರ ಕೂತ್ಕೊಳ್ಳಿ, ಲೋಕೋ ಶೆಡ್ ಇದೆ, ಸಾಲಾಗಿ ಎಂಜಿನ್ನುಗಳು ನಿಂತಿರ್ತವೆ. ರೈಲ್ವೆ ಹುಚ್ಚಿರೋರು ಎಂಜಿನ್ ಮೈಮೇಲೆ ಕೆಜೆಎಂ ಅಂತ ಬರ್ದಿದ್ರೆ ನಮ್ಮೂರ್ದು ಅಂತ ಖುಷಿ ಪಡ್ತಾರಲ್ಲ, ಅದು ಇಲ್ಲಿಯ ಶೆಡ್ಡಿಂದೇ.

ವೈಟ್‌ಫೀಲ್ಡಲ್ಲಿ ಇಳಿದ್ರೆ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ. ಈಗ ಅದೇ ಊರನ್ನ ಮೇಲಿಂದ ನೋಡ್ಕೊಂಡು ವಾಪಸ್ ಬರೋದು. ರೈಲು ತೋರ್ಸೋದು ಊರಿನ ಹಿತ್ತಲು, ಒಣಗಾಕಿರೋ ಬಟ್ಟೆ, ಗೋಡೌನ್ ಗೋಡೆ, ಹಳಿ ಪಕ್ಕ ಕ್ರಿಕೆಟ್ ಆಡೋ ಹುಡುಗ್ರು. ಮೆಟ್ರೋ ತೋರ್ಸೋದು ಊರಿನ ನೆತ್ತಿ, ಕರೀ ನೀರಿನ ಟ್ಯಾಂಕು, ಸೋಲಾರು, ತಾರಸಿ ಮೇಲೆ ಹಪ್ಪಳ. ಒಂದೇ ದಿನ ಎರಡೂ ನೋಡಿದ್ರೆ ಆಮೇಲೆ ನಿಮಗೆ ಬೇರೆ ಯಾರೂ ಹೇಳಿಕೊಡೋದು ಬೇಕಾಗಿಲ್ಲ.

ಮೆಟ್ರೋಲಿ ಯಾವ ಲೈನ್ ಚೆನ್ನಾಗಿದೆ?

ಮೊದ್ಲೇ ಹೇಳ್ಬಿಡ್ತೀನಿ, ನೆಲದೊಳಗಿನ ಭಾಗ ನಂಗೆ ಇಷ್ಟ ಇಲ್ಲ, ಕಬ್ಬನ್ ಪಾರ್ಕಿಂದ ಸಿಟಿ ರೈಲ್ವೆ ಸ್ಟೇಷನ್‌ವರ್ಗೂ ಕಿಟಕೀಲಿ ನಮ್ಮ ಮುಖ ಬಿಟ್ರೆ ಬೇರೇನೂ ಕಾಣಲ್ಲ. ಆದ್ರೆ ಸುರಂಗದಿಂದ ರೈಲು ಹೊರಗೆ ಏರೋ ಕ್ಷಣ ಇದ್ಯಲ್ಲ, ಹಸಿರು ಲೈನಲ್ಲಿ ಕೆ.ಆರ್.ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜ್ ಕಡೆ ಏರ್ತಾ ಇದ್ದಕ್ಕಿದ್ದಂಗೆ ಬೆಳಕು ತುಂಬ್ಕೊಳೋದು, ಅದಕ್ಕೋಸ್ಕರ ಆ ಕತ್ತಲೆ ಸಹಿಸ್ಕೋಬಹುದು.

ನೇರಳೆ ಲೈನ್ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರ್ಗೂ 43 ಕಿಲೋಮೀಟರ್ ಚಿಲ್ರೆ, 37 ಸ್ಟೇಷನ್ನು. 2011ರ ಅಕ್ಟೋಬರಲ್ಲಿ ಶುರುವಾದಾಗ ಇದ್ದಿದ್ದು ಎಂ.ಜಿ.ರೋಡಿಂದ ಬೈಯಪ್ಪನಹಳ್ಳಿವರ್ಗೂ ಮಾತ್ರ, ನಾವೆಲ್ಲ ಆವಾಗ ಆ ಒಂದು ತುಂಡಿಗೇ ಕುಟುಂಬ ಸಮೇತ ಹೋಗಿ ಬಂದಿದ್ವಿ, ಜಾತ್ರೆ ಥರ. ಪೂರ್ತಿ ಲೈನ್ ಒಂದೇ ಉಸಿರಲ್ಲಿ ಹೋಗೋಕಾಗಿದ್ದು 2023ರ ಅಕ್ಟೋಬರಿಂದ. ನಂಗಿಷ್ಟ ಆಗೋದು ಎರಡು ಕಡೆ, ಒಂದು ಮೈಸೂರ್ ರೋಡಿಂದ ಕೆಂಗೇರಿ ಕಡೆ ವೃಷಭಾವತಿ ಜೊತೆಜೊತೆಗೇ ಹೋಗೋದು (ವಾಸನೆ ಬರಲ್ಲ, ಏಸಿ ಇದೆ, ನದಿ ಅಂತ ನೆನಪು ಮಾಡ್ಕೊಳೋಕ್ಕೆ ಒಳ್ಳೇ ಅವಕಾಶ), ಇನ್ನೊಂದು ಬೆನ್ನಿಗಾನಹಳ್ಳಿ ಹತ್ರ ರೈಲ್ವೆ ಹಳಿಗಳ ಮೇಲಿಂದ ಕಬ್ಬಿಣದ ಗರ್ಡರ್ ಒಳಗೆ ನುಗ್ಗೋದು. ಕೆಳಗೆ ರೈಲು ಹೋಗ್ತಿದ್ರೆ ಆ ದಿನ ನಿಮ್ಮ ಅದೃಷ್ಟ.

ಹಸಿರು ಲೈನ್ ದಕ್ಷಿಣದ ಕೊನೆ, ಕೋಣನಕುಂಟೆ ಕ್ರಾಸ್ ದಾಟಿದ ಮೇಲೆ ವಾಜರಹಳ್ಳಿ, ತಲಘಟ್ಟಪುರ ಕಡೆ, ಮಳೆಗಾಲದ ಸಂಜೆ ತುಂಬಾ ಚೆನ್ನಾಗಿರತ್ತೆ. ಉತ್ತರದಲ್ಲಿ ಪೀಣ್ಯ ಕಡೆ ಫ್ಯಾಕ್ಟರಿ ಚಾವಣಿಗಳು, ಯಶವಂತಪುರದಲ್ಲಿ ರೈಲ್ವೆ ಯಾರ್ಡು.

ಹಳದಿ ಲೈನ್ 2025ರ ಆಗಸ್ಟಲ್ಲಿ ಬಂತು, ಆರ್.ವಿ.ರೋಡಿಂದ ಬೊಮ್ಮಸಂದ್ರ, 19 ಕಿಲೋಮೀಟರ್, ಎಲ್ಲಾ ಮೇಲೇ, ಒಂದು ಚೂರೂ ಸುರಂಗ ಇಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರ್ಗೂ ಕೆಳಗೆ ರೋಡು, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೋ. ಜಯದೇವ ಹತ್ರ ಎಷ್ಟು ಎತ್ತರಕ್ಕೆ ಹೋಗತ್ತೆ ಅಂದ್ರೆ ಮೊದಲ್ನೇ ಸಲ ನನ್ನ ಪಕ್ಕ ಕೂತಿದ್ದ ಅಜ್ಜಿ ‘ಯಪ್ಪಾ, ವಿಮಾನ ಹತ್ತಿದಂಗೈತಲ್ಲೋ’ ಅಂದ್ರು. ಸಿಲ್ಕ್ ಬೋರ್ಡ್ ಜಾಮನ್ನ ಮೇಲಿಂದ ನೋಡೋ ಸುಖಕ್ಕೆ ಎಷ್ಟು ದುಡ್ಡು ಬೇಕಾದ್ರೂ ಕೊಡಬಹುದು ಅನ್ಸತ್ತೆ. ಆ ಜಾಮಲ್ಲಿ ಒಂದು ಕಾಲದಲ್ಲಿ ನಾನೂ ಇದ್ದೆ, ದಿನಾ.

ಇನ್ನೊಂದು ಮಾತು. ಬಾಗಿಲು ತೆಗೆಯೋ ಮುಂಚೆ ‘ಮುಂದಿನ ನಿಲ್ದಾಣ’ ಅಂತ ಕನ್ನಡದಲ್ಲಿ ಕೇಳ್ತೀವಲ್ಲ, ಆ ದನಿ ನಿರೂಪಕಿ ಅಪರ್ಣ ಅವ್ರದ್ದು. 2024ರಲ್ಲಿ ಅವ್ರು ಹೋಗ್ಬಿಟ್ರು. ಕಿವೀಲಿ ಇಯರ್‌ಫೋನ್ ಹಾಕ್ಕೊಂಡಿದ್ರೆ ಒಂದೆರಡು ಸ್ಟೇಷನ್ನಿಗಾದ್ರೂ ತೆಗೀರಿ.

ಮೊದಲ್ನೇ ಬೋಗೀಲಿ ಮುಂದೆ ನಿಂತ್ಕೊಂಡ್ರೆ ಹಳಿ ಕಾಣತ್ತಾ?

ಮೊದಲ್ನೇ ಬೋಗಿ ಹೆಂಗಸರದ್ದು. ಗಂಡಸ್ರು ‘ಹಳಿ ನೋಡೋಕ್ಕೆ ಬಂದೆ’ ಅಂತ ಹೇಳಿದ್ರೆ ಗಾರ್ಡ್ ನಂಬಲ್ಲ, ದಂಡನೂ ಬೀಳತ್ತೆ. ಕೊನೇ ಬೋಗಿಗೆ ಹೋಗಿ, ಖಾಲೀನೂ ಇರತ್ತೆ, ತಿರುವಲ್ಲಿ ಇಡೀ ರೈಲು ಬಾಗೋದು ಕಿಟಕೀಲಿ ಕಾಣತ್ತೆ, ಟ್ರಿನಿಟಿ, ಹಲಸೂರು ಕಡೆ ಟ್ರೈ ಮಾಡಿ.

ಬಸ್ ರೂಟ್ ಹೇಗೆ ಆರಿಸೋದು? ನಂಬರ್ ನೋಡಿದ್ರೆ ತಲೆ ಕೆಡತ್ತೆ.

ನಂಬರ್ ಅರ್ಥ ಆಗೋಕ್ಕೆ ಶುರುವಾದ್ರೆ ಬಿಡೋಕ್ಕಾಗಲ್ಲ. 500 ಅಂತ ಶುರುವಾದ್ರೆ ಹೆಚ್ಚಿನಂಶ ಔಟರ್ ರಿಂಗ್ ರೋಡು. ಮುಂದೆ ವಿ ಇದ್ರೆ ವಜ್ರ, ಅಂದ್ರೆ ಏಸಿ ಬಸ್ಸು, ಎಂಎಫ್ ಇದ್ರೆ ಮೆಟ್ರೋ ಸ್ಟೇಷನ್ನಿಗೆ ಬಿಡೋ ಫೀಡರ್, ಕೆಐಎ ಇದ್ರೆ ಏರ್‌ಪೋರ್ಟಿಗೆ. ಹಿಂದಿನ ಅಕ್ಷರ ಅಂದ್ರೆ ಅದೇ ರೂಟು ಎಲ್ಲೋ ಒಂದು ಕಡೆ ದಾರಿ ತಪ್ಪಿದೆ ಅಂತ, ಯಾವ್ದೋ ಲೇಔಟ್ ಒಳಗೆ ಹೋಗಿ ಬರತ್ತೆ, ಇಲ್ಲಾ ಎರಡು ಸ್ಟಾಪ್ ಮುಂದಕ್ಕೆ ಹೋಗತ್ತೆ. ನಂಗೆ ಆ ಅಕ್ಷರ ಇರೋ ಬಸ್ಸುಗಳೇ ಇಷ್ಟ, ಮೇನ್ ರೋಡ್ ಬಿಟ್ಟು ದೇವಸ್ಥಾನ, ರಾಗಿ ಮಿಲ್ಲು, ಸರ್ಕಾರಿ ಶಾಲೆ ಮಧ್ಯೆ ಅಷ್ಟು ದೊಡ್ಡ ಗಾಡೀನ ಡ್ರೈವರಣ್ಣ ತಿರುಗ್ಸೋದು ನೋಡ್ಬೇಕು, ಕನ್ನಡಿಗೂ ಕರೆಂಟ್ ಕಂಬಕ್ಕೂ ನಡುವೆ ಒಂದು ಗೇಣು ಇರತ್ತೆ ಅಷ್ಟೇ.

ನಾನು ಆರಿಸೋ ರೀತಿ ಇಷ್ಟು. ಹತ್ತೋದು ಯಾವಾಗ್ಲೂ ಮೊದಲ್ನೇ ಸ್ಟಾಪಲ್ಲಿ, ಮಧ್ಯದಲ್ಲಿ ಹತ್ತಿದ್ರೆ ಕಿಟಕಿ ಸೀಟು ಸಿಗಲ್ಲ. ಜನ ಹೋಗೋ ದಿಕ್ಕಿಗೆ ವಿರುದ್ಧ ಹೋಗೋದು, ಬೆಳಿಗ್ಗೆ ಎಲ್ಲಾ ಐಟಿಪಿಎಲ್ ಟೆಕ್ ಪಾರ್ಕ್ ಕಡೆ ನುಗ್ತಿದ್ರೆ ನಾನು ಆ ಕಡೆಯಿಂದ ಬರೋ ಬಸ್ಸಲ್ಲಿರ್ತೀನಿ. ಮತ್ತೆ ಲಾಸ್ಟ್ ಸ್ಟಾಪಲ್ಲಿ ಏನಾದ್ರೂ ಇರ್ಬೇಕು, ಕೆರೆ, ದೇವಸ್ಥಾನ, ಕೊನೇ ಪಕ್ಷ ಒಂದು ಒಳ್ಳೇ ದರ್ಶಿನಿ.

365 ಹಿಡಿದ್ರೆ ಮೆಜೆಸ್ಟಿಕ್ಕಿಂದ ಬನ್ನೇರುಘಟ್ಟ ನ್ಯಾಷನಲ್ ಪಾರ್ಕ್‌ವರ್ಗೂ, ಊರು ಮುಗ್ದು ಕಾಡು ಶುರುವಾಗೋದನ್ನ ಒಂದೇ ಟಿಕೆಟ್ಟಲ್ಲಿ ನೋಡಬಹುದು. ಮಂಗಳವಾರ ಪಾರ್ಕ್ ರಜಾ, ಆವತ್ತು ಬಸ್ ಖಾಲಿ ಇರತ್ತೆ, ಪ್ರಾಣಿ ನೋಡೋ ಆಸೆ ಇಲ್ಲ ಅಂದ್ರೆ ಆವತ್ತೇ ಹೋಗಿ. 335ಇ ಹಳೇ ಏರ್‌ಪೋರ್ಟ್ ರೋಡಲ್ಲಿ ಎಚ್‌ಎಎಲ್ ಕಾಂಪೌಂಡ್ ಪಕ್ಕದಲ್ಲೇ ಹೋಗಿ ಮಾರತ್ತಹಳ್ಳಿ ದಾಟಿ ಕಾಡುಗೋಡಿಗೆ ಹೋಗತ್ತೆ, ಉದ್ದದ ರೂಟು, ಭಾನುವಾರ ಬೆಳಿಗ್ಗೆ ಮಾತ್ರ. 276 ಮಲ್ಲೇಶ್ವರದ ಮೇಲೆ ವಿದ್ಯಾರಣ್ಯಪುರಕ್ಕೆ, ಮರದ ಕೊಂಬೆ ಕಿಟಕಿಗೆ ತಾಗ್ತಾ ಇರತ್ತೆ, ಕೈ ಒಳಗಿಟ್ಕೊಳ್ಳಿ.

500ಡಿ ಹೇಗೆ?

ಹೆಬ್ಬಾಳದಿಂದ ಸಿಲ್ಕ್ ಬೋರ್ಡು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅದ್ಭುತ. ವಾರದ ದಿನ ಸಂಜೆ ಆರಕ್ಕೆ ಹತ್ತಿದ್ರೆ ಮನೆಯವ್ರಿಗೆ ಊಟ ಮುಗಿಸ್ಬಿಡಿ ಅಂತ ಹೇಳಿ ಹತ್ತಿ.

ಕಿಟಕಿ ಸೀಟು, ಆದ್ರೆ ಯಾವ ಕಡೆ?

ಬಿಸಿಲಿನ ಲೆಕ್ಕ ಹಾಕಿ. ಬೆಳಿಗ್ಗೆ ದಕ್ಷಿಣಕ್ಕೆ, ಅಂದ್ರೆ ಬನ್ನೇರುಘಟ್ಟ, ಕನಕಪುರ ರೋಡ್ ಕಡೆ ಹೋಗೋದಾದ್ರೆ ಬಲಗಡೆ ಕೂರಿ. ಬೆಳಿಗ್ಗೆ ಯಲಹಂಕ ಕಡೆ ಹೋಗೋದಾದ್ರೆ ಎಡಗಡೆ. ಸಂಜೆ ಉಲ್ಟಾ. ಇದು ಬಿಟ್ರೆ ಎಡಗಡೆ ಅಂಗಡಿ ಬೋರ್ಡು, ಫುಟ್‌ಪಾತು, ಜನ ಕಾಣ್ತಾರೆ, ಬಲಗಡೆ ಎದುರಿಗೆ ಬರೋ ಬಸ್ಸುಗಳು ಕಾಣ್ತವೆ, ನಂಬರ್ ಬರ್ಕೊಳೋ ಚಟ ಇರೋರಿಗೆ ಬಲಗಡೆನೇ ಸರಿ. ಮುಂದಿನ ಅರ್ಧ ಹೆಂಗಸರ ಸೀಟು ಅನ್ನೋದು ನೆನಪಿರ್ಲಿ. ಹಿಂದಿನ ಚಕ್ರದ ಮೇಲಿನ ಸೀಟು ಸ್ವಲ್ಪ ಎತ್ತರ ಇರತ್ತೆ, ಚೆನ್ನಾಗಿ ಕಾಣತ್ತೆ, ಆದ್ರೆ ಕಾಲು ಮಡಿಚ್ಕೊಂಡು ಕೂರ್ಬೇಕು. ಕೊನೇ ಸಾಲು ಬೇಡ್ವೇ ಬೇಡ, ಹಂಪ್ ಬಂದಾಗ ತಲೆ ಚಾವಣಿಗೆ.

ವೋಲ್ವೋ, ಆರ್ಡಿನರಿ, ಎಲೆಕ್ಟ್ರಿಕ್, ಯಾವ್ದು ಮಜಾ?

ಬೈಬೇಡಿ, ನಂಗೆ ಹಳೇ ಆರ್ಡಿನರಿ ಗಾಡೀನೇ. ಗೇರ್ ಹಾಕುವಾಗ ಇಡೀ ಬಾಡಿ ನಡುಗೋದು, ಮುಂದೆ ಎಂಜಿನ್ ಬಾನೆಟ್ ಮೇಲೆ ಯಾರೋ ಇಟ್ಟಿರೋ ಹೂವಿನ ಬುಟ್ಟಿ, ಕಂಡಕ್ಟರ್ ‘ಹೋಲ್ಡಾನ್’ ಅಂದ ಕೂಡ್ಲೇ ಬ್ರೇಕು, ‘ರೈಟ್’ ಅಂದ್ರೆ ಹೊರಟೇಬಿಟ್ಟಿತು. ಚಿಲ್ರೆ ಇಲ್ಲ ಅಂದ್ರೆ ಟಿಕೆಟ್ ಹಿಂದೆ ಬಾಕಿ ಬರ್ದುಕೊಡೋದು, ಇಳಿಯೋವಾಗ ಮರ್ತು ಹೋಗೋದು, ಈಗ ಯುಪಿಐ ಬಂದು ಆ ನೋವೂ ಕಮ್ಮಿ ಆಯ್ತು. ಎಲೆಕ್ಟ್ರಿಕ್ ಬಸ್ ಶಬ್ದನೇ ಇಲ್ದೆ ಜಾರ್ಕೊಂಡ್ ಹೋಗತ್ತೆ, ವಯಸ್ಸಾದೋರಿಗೆ, ಬೆನ್ನು ನೋವಿರೋರಿಗೆ ಅದೇ ಸರಿ. ವೋಲ್ವೋಗೆ ದೊಡ್ಡ ಕಿಟಕಿ, ಬಿಸಿಲಲ್ಲಿ ಸ್ವರ್ಗ, ಅದರಲ್ಲೂ ಏರ್‌ಪೋರ್ಟ್ ಬಸ್ಸು ಹೆಬ್ಬಾಳ ಫ್ಲೈಓವರ್ ದಾಟಿ ಮೇಲ್ರಸ್ತೆ ಹತ್ತಿದ ಮೇಲೆ ಹೋಗೋ ಸ್ಪೀಡು ಊರೊಳಗೆ ಬೇರೆ ಯಾವ ಬಸ್ಸಿಗೂ ಸಿಗಲ್ಲ. ಮೆಜೆಸ್ಟಿಕ್ಕಿಂದ ಕೆಐಎ-9 ಹಿಡೀರಿ, ವಿಮಾನ ಹತ್ಲೇಬೇಕು ಅಂತ ಏನಿಲ್ಲ.

ಖರ್ಚು ಎಷ್ಟಾಗತ್ತೆ?

ಹೆಂಗಸರಿಗೆ ಆರ್ಡಿನರಿ ಬಸ್ಸಲ್ಲಿ ಏನೂ ಇಲ್ಲ, 2023ರ ಜೂನಿಂದ ಶಕ್ತಿ ಯೋಜನೆ ಇದೆ, ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರ್ಸಿದ್ರೆ ಶೂನ್ಯ ಟಿಕೆಟ್. ಏಸಿ ಬಸ್ಸಿಗೆ ಅದು ನಡೆಯಲ್ಲ. ನಮ್ಮಕ್ಕ ಇದೇ ನೆಪದಲ್ಲಿ ಈಗ ನನಗಿಂತ ಜಾಸ್ತಿ ಸುತ್ತಾಳೆ. ಗಂಡಸ್ರಿಗೆ ಡೇ ಪಾಸ್, ಮೂರು ನಾಲ್ಕು ಬಸ್ ಹತ್ತೋ ದಿನ ಇದ್ರೆ ಕಣ್ಮುಚ್ಕೊಂಡು ತಗೊಳ್ಳಿ, 2025ರ ಜನವರೀಲಿ ದರ ಶೇಕಡಾ 15 ಏರಿದ ಮೇಲಂತೂ ಬಿಡಿ ಟಿಕೆಟ್ ತಗೊಳೋದು ಪೆದ್ದುತನ. ಮೆಟ್ರೋ ದರ 2025ರ ಫೆಬ್ರವರೀಲಿ ಏರಿ ಗರಿಷ್ಠ 90 ರೂಪಾಯಿ ಆಯ್ತು, ಸುಮ್ನೆ ಸುತ್ತೋರಿಗೆ ಸ್ವಲ್ಪ ನೋವೇ, ಸ್ಮಾರ್ಟ್ ಕಾರ್ಡ್ ಇದ್ರೆ ಚೂರು ಕಮ್ಮಿ ಆಗತ್ತೆ. ಗೇಟಿನ ಒಳಗೆ ಗಂಟೆಗಟ್ಲೆ ಕೂರೋ ಹಂಗಿಲ್ಲ, ಟೈಮ್ ಮೀರಿದ್ರೆ ಹೊರಗೆ ಬರೋವಾಗ ದಂಡ ಕಟ್ಟಿಸ್ಕೋತಾರೆ, ಒಂದು ಕಡೆ ಹೋಗಿ ಹೊರಗೆ ಬಂದು ಕಾಫಿ ಕುಡ್ದು ಮತ್ತೆ ಒಳಗೆ ಹೋಗಿ.

ಎಲ್ಲಕ್ಕಿಂತ ಚೀಪು ಪ್ಯಾಸೆಂಜರ್ ರೈಲು. ಅದಕ್ಕೇ ಮುಂದಿನ ಪ್ರಶ್ನೆ ನಂಗೆ ಇಷ್ಟ.

ಊರಾಚೆ ಒಂದು ದಿನದ ರೈಲು ಸವಾರಿ ಯಾವ್ದು?

ನನ್ನ ಓಟು ಮಾರಿಕುಪ್ಪಂಗೆ. ಎಲ್ರೂ ನಂದಿ ಹಾಲ್ಟ್ ಅಂತಾರೆ, ಅದೂ ಚೆನ್ನಾಗಿದೆ, ಹೇಳ್ತೀನಿ. ಆದ್ರೆ ಬಂಗಾರಪೇಟೇಲಿ ಮೇನ್ ಲೈನ್ ಬಿಟ್ಟು ಆ ಕವಲು ಹಳಿಗೆ ತಿರುಗಿದ ಮೇಲೆ ಬೇರೆ ಲೋಕ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ, ಸ್ಟೇಷನ್ ಹೆಸರುಗಳಲ್ಲಿ ಹೆಚ್ಚಿನವು ಕೆಜಿಎಫ್, ಅಂದ್ರೆ ಕೋಲಾರದ ಚಿನ್ನದ ಗಣಿಗಳದ್ದು. ಗಣಿ 2001ರಲ್ಲಿ ಮುಚ್ತು, ಆದ್ರೆ ಅದುರು ಅರೆದು ಚಿನ್ನ ತೆಗ್ದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳು ಇನ್ನೂ ಹಾಗೇ ನಿಂತಿವೆ, ಮರ ಗಿಡ ಇಲ್ದೆ, ದೂರದಿಂದ ನೋಡಿದ್ರೆ ಬೆಟ್ಟ ಅನ್ಕೋಬೇಕು. ಗಣಿ ಮುಚ್ಚಿದ ಮೇಲೆ ಆ ಊರಿನ ಜನ ಕೆಲಸಕ್ಕೆ ಅಂತ ದಿನಾ ಬೆಂಗಳೂರಿಗೆ ಬಂದು ಹೋಗೋದು ಇದೇ ರೈಲುಗಳಲ್ಲಿ. ಬೆಳಿಗ್ಗೆ ಬರೋ ಗಾಡಿ ಬಾಗಿಲಲ್ಲೂ ಜಾಗ ಇರಲ್ಲ, ನಿದ್ದೆ ಮಾಡೋರು, ಹೂ ಕಟ್ಟೋರು, ಇಸ್ಪೀಟ್ ಆಡೋರು, ತಮಿಳು ತೆಲುಗು ಕನ್ನಡ ಎಲ್ಲಾ ಒಂದೇ ಬೋಗೀಲಿ. ನೀವು ಸುತ್ತಾಡೋಕ್ಕೆ ಹೋಗೋರು, ದಯವಿಟ್ಟು ಅವರ ಟೈಮಲ್ಲಿ ಸೀಟು ಹಿಡೀಬೇಡಿ, ಬೆಳಿಗ್ಗೆ ಇಲ್ಲಿಂದ ಹೊರಡೋ ಖಾಲಿ ಗಾಡಿ ಹತ್ತಿ ಮಧ್ಯಾಹ್ನ ವಾಪಸ್ ಬನ್ನಿ. ಬರ್ತಾ ಬಂಗಾರಪೇಟೇಲಿ ಇಳ್ದು ಪಾನಿಪುರಿ ತಿನ್ನಿ, ಪಾನಿ ನೀರಿನ ಥರ ತಿಳಿಯಾಗಿರತ್ತೆ, ಬಾಯಿಗಿಟ್ಟ ಮೇಲೆ ಗೊತ್ತಾಗತ್ತೆ.

ನಂದಿ ಹಾಲ್ಟ್ ಲೈನ್, ಯಲಹಂಕ ದಾಟಿ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ. ಒಂದು ಕಾಲಕ್ಕೆ ನ್ಯಾರೋಗೇಜ್ ಓಡ್ತಿದ್ದ ದಾರಿ, ಹಳೇ ಕಲ್ಲಿನ ಪುಟಾಣಿ ಸ್ಟೇಷನ್ನುಗಳು, ನಂದಿ ಹಾಲ್ಟ್ ಕಟ್ಟಡವನ್ನ ಚೆನ್ನಾಗಿ ರಿಪೇರಿ ಮಾಡಿ ಉಳಿಸ್ಕೊಂಡಿದಾರೆ. ಎದುರಿಗೇ ಬೆಟ್ಟ. ದಾರೀಲಿ ಯಲಹಂಕದ ರೈಲು ಗಾಲಿ ಕಾರ್ಖಾನೆ, 1984ರಿಂದ ಗಾಲಿ, ಆಕ್ಸಲ್ ಮಾಡ್ತಿರೋದು. 2021ರಿಂದ ಇದೇ ಲೈನಲ್ಲಿ ಏರ್‌ಪೋರ್ಟ್ ಹಾಲ್ಟೂ ಇದೆ. ಆದ್ರೆ ಗಾಡಿಗಳು ಬೆರಳೆಣಿಕೆ, ಒಂದು ತಪ್ಪಿಸ್ಕೊಂಡ್ರೆ ಬೆಟ್ಟ ನೋಡ್ತಾ ಕೂತಿರ್ಬೇಕು.

ಇನ್ನೊಂದು ಮಾಕಳಿದುರ್ಗ, ಅದು ದೊಡ್ಡಬಳ್ಳಾಪುರ ದಾಟಿದ ಮೇಲೆ ಸಿಗತ್ತೆ. ಹಳಿ ಗುಡ್ಡ ಬಳಸಿ ತಿರುಗೋ ಜಾಗ. ಬೆಟ್ಟದ ಮೇಲಿಂದ ಗೂಡ್ಸ್ ಗಾಡಿ ನೋಡೋದು ಬೇರೇನೇ ಖುಷಿ, ಆದ್ರೆ ಹಳಿ ಮೇಲೆ ನಡೀಬೇಡಿ, ಎಷ್ಟು ಸಲ ಹೇಳಿದ್ರೂ ಹುಡುಗ್ರು ಕೇಳಲ್ಲ.

ಮೈಸೂರು ಎಲ್ರಿಗೂ ಗೊತ್ತು, ರಾಮನಗರದ ಬಂಡೆ, ಮದ್ದೂರಿನ ವಡೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ. ಫಾಸ್ಟ್ ರೈಲಲ್ಲಿ ಹೋಗ್ಬೇಡಿ, ಮೆಮುಲಿ ಹೋಗಿ, ಹೆಜ್ಜಾಲ, ಬಿಡದಿ, ಕೇತೋಹಳ್ಳಿ ಎಲ್ಲಾ ನಿಲ್ಸತ್ತೆ.

ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಹಳದಿ ಮೆಟ್ರೋ ಸಾಕು, ಒಂದೂವರೆ ಗಂಟೆ ಮೇಲೆ ಮಕ್ಕಳಿಗೆ ತಡೆಯಲ್ಲ. ಸ್ವಲ್ಪ ದೊಡ್ಡೋರಾದ್ರೆ ಮೈಸೂರಿಗೆ ರೈಲಲ್ಲಿ ಹೋಗಿ ಸ್ಟೇಷನ್ ಹತ್ರಾನೇ ಇರೋ ರೈಲ್ವೆ ಮ್ಯೂಸಿಯಂ ತೋರ್ಸಿ, 1979ರದ್ದು, ಹಬೆ ಎಂಜಿನ್ ಮುಟ್ಟಿ ನೋಡಬಹುದು.

ಯಾವ ಕಾಲ ಒಳ್ಳೇದು?

ಜನವರಿಯಿಂದ ಮಾರ್ಚ್‌ವರ್ಗೂ ಗುಲಾಬಿ ತಬೆಬುಯಾ, ಆಮೇಲೆ ಜಕರಂಡಾ, ಏಪ್ರಿಲ್ ಮೇಲೆ ಗುಲ್‌ಮೊಹರ್, ಹೂವಿನ ಲೆಕ್ಕದಲ್ಲೇ ಬಸ್ ಹತ್ತಬಹುದು. ನಂಗೆ ಮಾತ್ರ ಮಳೆ. ಶಟರ್ ಇಳಿಸಿದ ಬಸ್ಸಲ್ಲಿ ಒಂದು ಕಿಂಡಿ ಮಾತ್ರ ಬಿಟ್ಕೊಂಡು ಕೂರೋದು, ನೆಂದ ಮಣ್ಣಿನ ವಾಸನೆ, ಪಕ್ಕದೋರ ಕೊಡೆಯಿಂದ ನಮ್ಮ ಪ್ಯಾಂಟಿಗೆ ನೀರು. ರೋಡಲ್ಲಿ ನೀರು ನಿಂತಿದ್ರೆ ಮಾತ್ರ ಮೆಟ್ರೋಗೆ ಓಡಿ.

ಫೋಟೋ, ವಿಡಿಯೋ ತೆಗೀಬಹುದಾ?

ಮೊಬೈಲಲ್ಲಿ ನೆನಪಿಗೆ ಅಂತ ತೆಗೆದ್ರೆ ಸಾಮಾನ್ಯವಾಗಿ ಯಾರೂ ಏನೂ ಅನ್ನಲ್ಲ, ಟ್ರೈಪಾಡ್ ಬಿಚ್ಚಿದ್ರೆ ಸೆಕ್ಯುರಿಟಿ ಬರ್ತಾರೆ. ಡ್ರೈವರ್, ಕಂಡಕ್ಟರ್ ಮುಖಕ್ಕೆ ಕ್ಯಾಮೆರಾ ಹಿಡಿಯೋ ಮುಂಚೆ ಕೇಳಿ. ಬಸ್ ನೋಡೋಕ್ಕೆ ಒಳ್ಳೇ ಜಾಗ ಬೇಕು ಅಂದ್ರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಮೇಲಿನ ಸ್ಕೈವಾಕು. ಅಲ್ಲಿ ನಿಂತ್ರೆ ಕೆಳಗೆ ಒಂದಾದ್ಮೇಲೆ ಒಂದು ಬಸ್ ಹಿಂದೆ ಸರಿದು ಹೊರಡೋದು ಕಾಣತ್ತೆ. ಆ ಜಾಗ ಹಿಂದೆ ಧರ್ಮಾಂಬುಧಿ ಕೆರೆ ಆಗಿತ್ತು.

ಸಬರ್ಬನ್ ರೈಲು ಬಂದ್ರೆ?

2022ರ ಜೂನಲ್ಲಿ ಶಂಕುಸ್ಥಾಪನೆ ಆಯ್ತು. ನಾಲ್ಕು ಲೈನು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ, ಒಟ್ಟು 148 ಕಿಲೋಮೀಟರ್. ಹೆಸರಿಗೇ ನಾನು ಸೋತೋದೆ. ಬರ್ಲಿ, ಮೊದಲ್ನೇ ದಿನ ರಜಾ ಹಾಕ್ತೀನಿ.

ಹಳೇ ಕಾಲದ ಬಸ್ಸು ನೆನಪಿದ್ಯಾ?

ಸಿಟಿ ಬಸ್ ಓಡ್ಸೋ ಬಿಎಂಟಿಸಿ ಆಗಿದ್ದು 1997ರಲ್ಲಿ, ಅದಕ್ಕೆ ಮುಂಚೆ ಬಿಟಿಎಸ್. ನಮ್ಮನೇಲಿ ಅಪ್ಪ ಇವತ್ತಿಗೂ ‘ಬಿಟಿಎಸ್ ಬಂತಾ’ ಅಂತಾನೇ ಕೇಳೋದು. ಡಬಲ್ ಡೆಕರ್ ಮೇಲಿನ ಮುಂದಿನ ಸೀಟಿಗೆ ನಾನು, ನಮ್ಮಣ್ಣ ಹೊಡೆದಾಡಿದ್ದು ನೆನಪಿದೆ. ಯಾವ ಸಲವೂ ನಾನು ಗೆಲ್ಲಲಿಲ್ಲ.

ಲಾಸ್ಟ್ ಸ್ಟಾಪಲ್ಲಿ ಇಳ್ದೆ, ವಾಪಸ್ ಬಸ್ಸೇ ಇಲ್ಲ ಅಂದ್ರೆ?

ನಂಗೆ ಆಗಿದೆ. ಹತ್ತು ಹನ್ನೆರಡು ವರ್ಷದ ಹಿಂದೆ ಕನಕಪುರ ರೋಡಿಂದ ಒಳಗೆ ಒಂದು ಹಳ್ಳಿಗೆ ಹೋಗೋ ಸಂಜೆ ಬಸ್ ಹತ್ತಿದೆ, ಕತ್ತಲಾಯ್ತು, ಕೊನೆಗೆ ಬಸ್ಸಲ್ಲಿ ಉಳಿದಿದ್ದು ನಾನು ಮತ್ತೆ ಕೋಳಿ ಹಿಡ್ಕೊಂಡಿದ್ದ ಒಬ್ರು. ಅರಳಿಕಟ್ಟೆ ಹತ್ರ ಡ್ರೈವರ್ ಎಂಜಿನ್ ಆಫ್ ಮಾಡಿ ಚಾಪೆ ತೆಗೆದ್ರು. ‘ವಾಪಸ್ ಎಷ್ಟೊತ್ತಿಗೆ ಅಣ್ಣಾ?’ ಅಂದೆ. ‘ಇದು ನೈಟ್ ಹಾಲ್ಟ್ ಗಾಡಿ ಸಾರ್, ಬೆಳಿಗ್ಗೆ ಐದೂವರೆಗೆ’ ಅಂದ್ರು ಕಂಡಕ್ಟರು. ತಪ್ಪು ನಂದೇ, ಕೇಳ್ದೆ ಹತ್ತಿದ್ದು. ಅವ್ರೇ ಊರೋರನ್ನ ವಿಚಾರ್ಸಿ, ಮಾರ್ಕೆಟ್ಟಿಗೆ ಹೂ ಹೊತ್ಕೊಂಡು ಹೋಗೋ ಟೆಂಪೋದಲ್ಲಿ ನನ್ನನ್ನ ಹತ್ಸಿದ್ರು, ರಾತ್ರಿ ಮೂರು ಗಂಟೆಗೆ ಚೆಂಡುಹೂವಿನ ಮೂಟೆ ಮೇಲೆ ಕೂತ್ಕೊಂಡು ಕೆ.ಆರ್.ಮಾರ್ಕೆಟ್ ತಲುಪ್ದೆ. ಮನೇಲಿ ಏನಾಯ್ತು ಅಂತ ಇಲ್ಲಿ ಬರೆಯಲ್ಲ. ನಮ್ಮ ಬಿಎಂಟಿಸಿ ಆ್ಯಪಲ್ಲಿ ಈಗ ಬಸ್ ಎಲ್ಲಿದೆ ಅಂತ ಕಾಣತ್ತೆ, ಆದ್ರೂ ಊರಾಚೆ ಹೋಗೋ ಗಾಡಿ ಹತ್ತೋ ಮುಂಚೆ ಕಂಡಕ್ಟರನ್ನ ಒಂದು ಮಾತು ಕೇಳ್ಬಿಡಿ: ‘ಅಣ್ಣಾ, ಇದು ವಾಪಸ್ ಬರತ್ತಾ, ಇಲ್ಲಾ ಅಲ್ಲೇ ಮಲಗತ್ತಾ?’